ಟರ್ಬೊ ಎಂಜಿನ್: ಮೊದಲು ಮುರಿಯುವುದು ಯಾವುದು?

1983ರ ಅಕ್ಟೋಬರ್ 15. ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ಆ ವರ್ಷದ ಕೊನೆಯ ಫಾರ್ಮುಲಾ ಒನ್ ಸ್ಪರ್ಧೆ. ಫ್ರಾನ್ಸಿನ ಅಲೆನ್ ಪ್ರಾಸ್ಟ್ ಅವರ ರೆನೊ ಕಾರಿನ ಟರ್ಬೊ ಅರ್ಧ ದಾರಿಯಲ್ಲೇ ಕೈಕೊಟ್ಟಿತು. ಬ್ರೆಜಿಲ್‌ನ ನೆಲ್ಸನ್ ಪಿಕೆ ಮೂರನೆಯವರಾಗಿ ಗುರಿ ಮುಟ್ಟಿದರು. ಅಷ್ಟರಿಂದಲೇ ವಿಶ್ವ ಚಾಂಪಿಯನ್ ಪಟ್ಟ ಅವರದಾಯಿತು. ಟರ್ಬೊ ಎಂಜಿನ್ನಿನ ಕಾರಿನಲ್ಲಿ ಆ ಪಟ್ಟ ಗೆದ್ದವರಲ್ಲಿ ಅವರೇ ಮೊದಲಿಗರು.

ಪಿಕೆ ಅವರ ಬ್ರಾಬಮ್ ಕಾರಿನ ಬೆನ್ನಿಗಿದ್ದುದು ಬಿಎಂಡಬ್ಲ್ಯು ಕಂಪೆನಿಯ ನಾಲ್ಕು ಸಿಲಿಂಡರಿನ, ಕೇವಲ ಒಂದೂವರೆ ಲೀಟರಿನ ಎಂಜಿನ್. ಅದರ ಬ್ಲಾಕ್, ಅಂದರೆ ಸಿಲಿಂಡರುಗಳನ್ನು ಹೊತ್ತ ಎರಕದ ಕಬ್ಬಿಣದ ಒಡಲು, ರೇಸಿಗೆಂದೇ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ಸಂಸಾರಸ್ಥರ ಕಾರುಗಳಿಗೆಂದು ರೂಪಿಸಿದ ಎಂಜಿನ್ ಮನೆತನಕ್ಕೆ ಸೇರಿದ್ದು ಅದು. ಇನ್ನೂ ಸೋಜಿಗದ ಮಾತೆಂದರೆ, ಬಿಎಂಡಬ್ಲ್ಯು ತಂತ್ರಜ್ಞರು ಹೊಸ ಬ್ಲಾಕಿಗಿಂತ ಸಾವಿರಾರು ಕಿಲೊಮೀಟರ್ ಓಡಿದ ಹಳೆಯ ಬ್ಲಾಕನ್ನೇ ಹುಡುಕುತ್ತಿದ್ದರು ಎಂಬ ಕಥೆ ಮೋಟಾರು ಜಗತ್ತಿನಲ್ಲಿ ಪ್ರಸಿದ್ಧ. ಕಥೆಗೆ ಉಪ್ಪು-ಖಾರ ಸೇರಿರಬಹುದು, ಆದರೆ ಅದರ ಹಿಂದಿನ ಲೋಹಶಾಸ್ತ್ರ ಸರಿಯಾದದ್ದೇ. ಎರಕ ಹೊಯ್ದ ಕಬ್ಬಿಣ ತಣಿಯುವಾಗ ಅದರೊಳಗೆ ಸೆಳೆತಗಳು ಉಳಿದುಬಿಡುತ್ತವೆ. ಸಾವಿರಾರು ಸಲ ಬಿಸಿಯಾಗಿ ತಣಿದ ಬ್ಲಾಕಿನಲ್ಲಿ ಆ ಸೆಳೆತ ಸಡಿಲಗೊಂಡಿರುತ್ತದೆ. ಮುಂದೆ ಕೊರೆದು ಉಜ್ಜಿದಾಗ ಅದು ಸೊಟ್ಟಗಾಗುವ ಸಂಭವ ಕಡಿಮೆ.

ಒಡಲು ಹಳೆಯದಾದರೂ ಒಳಗಿನ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎಲ್ಲವೂ ಬೇರೆ. ಅವುಗಳಿಗೆ ಕಂಪೆನಿ ಹಣದ ಮುಖ ನೋಡಲಿಲ್ಲ. ಕಾಲೇಜು ಹುಡುಗನೊಬ್ಬ ತನ್ನ ಹಳೆಯ ಕಾರಿಗೆ ಟರ್ಬೊ ಕಟ್ಟಲು ಹೊರಟಾಗ ಎದುರಾಗುವ ಪ್ರಶ್ನೆಯೂ ಇದೇ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು? ವ್ಯತ್ಯಾಸ ಒಂದೇ. ಅವನು ಹಣದ ಮುಖ ನೋಡಲೇಬೇಕು.

ಅಮೆರಿಕದಲ್ಲಿ ಈ ಹವ್ಯಾಸ ದಶಕಗಳಿಂದ ಬೇರೂರಿದೆ. ಅಲ್ಲಿನ ವಿದ್ಯಾರ್ಥಿಗಳ ಮೆಚ್ಚಿನ ಕಾರುಗಳಲ್ಲಿ ಒಂದು ಜಪಾನಿನ ಮಾಜ್ದಾ ಕಂಪೆನಿಯ ಮಿಯಾಟಾ. 1989ರಲ್ಲಿ ಬಂದ ಎರಡೇ ಸೀಟಿನ, ಹಿಂಬದಿ ಚಕ್ರ ತಿರುಗಿಸುವ, ಮೇಲ್ಚಾವಣಿ ಮಡಚುವ ಪುಟ್ಟ ಕಾರು. ಹಗುರ, ಸರಳ, ಬಿಡಿಭಾಗಗಳು ಹೇರಳ. 1994ರ ಮಾದರಿಯಲ್ಲಿ 1.8 ಲೀಟರ್ ಎಂಜಿನ್ ಇದೆ. ಪ್ರತಿ ಸಿಲಿಂಡರಿನ ಅಡ್ಡಗಲ 83 ಮಿಲಿಮೀಟರ್, ಪಿಸ್ಟನ್ನಿನ ಓಟ 85 ಮಿಲಿಮೀಟರ್, ಬಲ 128 ಅಶ್ವಶಕ್ತಿ. ಇಂಥದೊಂದು ಹಳೆಯ ಕಾರು ಹುಡುಗನ ಬಳಿ ಇದೆ, ಕೈಯಲ್ಲಿ ಐದು ಸಾವಿರ ಡಾಲರ್ ಇದೆ, ಅದರಲ್ಲಿ ಅರ್ಧ ಅಪ್ಪ ಕೊಟ್ಟದ್ದು ಎಂದಿಟ್ಟುಕೊಳ್ಳೋಣ. ಈ ಹಣದಲ್ಲಿ ಟರ್ಬೊ, ಕೊಳವೆಗಳು, ಇಂಟರ್‌ಕೂಲರ್, ಇಂಧನದ ಇಂಜೆಕ್ಟರುಗಳು, ಕಂಪ್ಯೂಟರ್ ಎಲ್ಲ ಬರಬೇಕು. ಎಂಜಿನ್ನಿನ ಒಳಭಾಗಗಳಿಗೆ ಉಳಿಯುವುದು ಸ್ವಲ್ಪವೇ. ತಪ್ಪು ಭಾಗಕ್ಕೆ ಸುರಿದ ಪ್ರತಿ ಡಾಲರ್ ಸರಿಯಾದ ಭಾಗದಿಂದ ಕಿತ್ತುಕೊಂಡದ್ದೇ ಆಗುತ್ತದೆ.

ಟರ್ಬೊ ಎಂದರೇನೆಂದು ಮೊದಲು ನೋಡಬೇಕು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಹೆಚ್ಚು ಬಲ ಪಡೆಯಬಹುದು. ವಾತಾವರಣದ ಒತ್ತಡದ ಮೇಲೆ ಇನ್ನೂ 0.7 ಬಾರ್ ಒತ್ತಡ ಕೂಡಿಸಿದರೆ, ಲೆಕ್ಕದ ಪ್ರಕಾರ ಸಿಲಿಂಡರಿಗೆ ಒಂದೂ ಮುಕ್ಕಾಲು ಪಟ್ಟಿನಷ್ಟು ಗಾಳಿ ಹೋಗಬೇಕು. ಆದರೆ ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. 30 ಡಿಗ್ರಿಯ ಗಾಳಿ ಇಷ್ಟು ಒತ್ತಡದಲ್ಲಿ ಟರ್ಬೊದಿಂದ ಹೊರಬರುವಾಗ ಕುದಿಯುವ ನೀರಿನಷ್ಟು, ಅಂದರೆ ಸುಮಾರು 100 ಡಿಗ್ರಿ, ಬಿಸಿಯಾಗಿರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಈ ಶಾಖವೇ ಮುಂದಿನ ಕಷ್ಟಗಳಿಗೆಲ್ಲ ಬೀಜ.

1962ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದಿತು. ಜನಸಾಮಾನ್ಯರ ಕೈಗೆ ಬಂದ ಮೊದಲ ಟರ್ಬೊ ಪೆಟ್ರೋಲ್ ಕಾರುಗಳು ಅವು. ಒಂದು ಷೆವರ್ಲೆ ಕಾರ್ವೇರ್. ಅದರ ಕಂಪ್ರೆಷನ್ ಅನುಪಾತವನ್ನು, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಮತ್ತು ಮೇಲೆ ಬಂದಾಗಿನ ಜಾಗದ ಅನುಪಾತವನ್ನು, ತಂತ್ರಜ್ಞರು 8ಕ್ಕೆ ಇಳಿಸಿದರು. ಇನ್ನೊಂದು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಅದರಲ್ಲಿ ಅನುಪಾತ 10.25. ಅಷ್ಟು ಬಿಗಿಯಾಗಿ ಅದುಮಿದಾಗ ಪೆಟ್ರೋಲ್ ತಾನಾಗಿ ಸಿಡಿಯಬಾರದೆಂದು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡಿತ್ತು. ಆ ದ್ರವಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಭರ್ಜರಿ ಹೆಸರು. ಪೆಟ್ರೋಲ್ ಹಾಕಿಸಲು ಮರೆಯದ ಜನ ಈ ದ್ರವ ತುಂಬಲು ಮರೆತರು. ಕಾರುಗಳು ತೊಂದರೆ ಕೊಟ್ಟವು. ಎರಡೇ ವರ್ಷದಲ್ಲಿ ಮಾದರಿ ನಿಂತುಹೋಯಿತು. ಕಡೆಗೆ ಅನೇಕ ಕಾರುಗಳಿಂದ ಟರ್ಬೊವನ್ನು ಕಳಚಿ ಮಾಮೂಲಿ ಕಾರ್ಬುರೇಟರ್ ಕೂರಿಸಲಾಯಿತು.

ತಾನಾಗಿ ಸಿಡಿಯುವ ಈ ಕಾಟಕ್ಕೆ ಗ್ಯಾರೇಜಿನ ಭಾಷೆಯಲ್ಲಿ ‘ನಾಕಿಂಗ್’ ಎನ್ನುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ಸಿಲಿಂಡರಿನ ಅಂಚಿಗೆ ಹರಡುವ ಮೊದಲೇ, ಅಲ್ಲಿ ಉಳಿದ ಮಿಶ್ರಣ ಶಾಖ ಮತ್ತು ಒತ್ತಡ ತಾಳಲಾರದೆ ಒಮ್ಮೆಗೇ ಸಿಡಿಯುತ್ತದೆ. ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತವೆ. 83 ಮಿಲಿಮೀಟರಿನ ಸಿಲಿಂಡರಿನಲ್ಲಿ ಈ ಕಂಪನ ಸೆಕೆಂಡಿಗೆ ಆರೇಳು ಸಾವಿರ ಸಲ. ಕಿವಿಗೆ ಅದು ಡಬ್ಬಿಯಲ್ಲಿ ಕಲ್ಲು ಕುಲುಕಿದ ಸದ್ದಿನಂತೆ ಕೇಳುತ್ತದೆ.

ಕೆಟ್ಟದ್ದು ಸದ್ದಲ್ಲ. ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ಮೀರುತ್ತದೆ. ಪಿಸ್ಟನ್ ಮಾಡಿದ ಅಲ್ಯುಮಿನಿಯಂ ಮಿಶ್ರಲೋಹ 600 ಡಿಗ್ರಿ ತಲುಪುವುದಕ್ಕೂ ಮೊದಲೇ ಕರಗತೊಡಗುತ್ತದೆ. ಹಾಗಿದ್ದೂ ಪಿಸ್ಟನ್ ಉಳಿಯುವುದು ಹೇಗೆ? ಅದರ ಮೈಗೆ ಅಂಟಿಕೊಂಡ ತೆಳ್ಳನೆಯ ತಂಪು ಅನಿಲದ ಪದರ ರಕ್ಷಣೆ ಕೊಡುತ್ತದೆ. ಒಳಗೆ ಇಳಿದ ಶಾಖವನ್ನು ರಿಂಗುಗಳೂ ಎಣ್ಣೆಯೂ ಹೊತ್ತೊಯ್ಯುತ್ತವೆ. ನಾಕಿಂಗ್‌ನ ಅಲೆಗಳು ಈ ಪದರವನ್ನೇ ಹರಿದುಹಾಕುತ್ತವೆ. ಆಗ ಎಷ್ಟೇ ದುಬಾರಿ ಪಿಸ್ಟನ್ ಆಗಲಿ, ಅಂಚು ಕರಗುತ್ತದೆ, ಇಲ್ಲವೇ ರಿಂಗಿನ ಅಂಗಳ ಬಿರಿಯುತ್ತದೆ. ಆದ್ದರಿಂದ ಹುಡುಗನ ಐದು ಸಾವಿರದಲ್ಲಿ ಮೊದಲ ಪಾಲು ಯಾವ ಒಳಭಾಗಕ್ಕೂ ಸಲ್ಲಬಾರದು. ಇಂಧನ ಮತ್ತು ಕಿಡಿಯನ್ನು ಬೇಕಾದಂತೆ ಹೊಂದಿಸಬಲ್ಲ ಕಂಪ್ಯೂಟರಿಗೆ, ಸಾಕಷ್ಟು ದೊಡ್ಡ ಇಂಜೆಕ್ಟರಿಗೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರಿಗೆ ಸಲ್ಲಬೇಕು. ಪೆಟ್ರೋಲ್ ಪೂರ್ತಿ ಸುಡಲು ಒಂದು ಪಾಲಿಗೆ 14.7 ಪಾಲು ಗಾಳಿ ಸಾಕು. ಟರ್ಬೊ ಪೂರ್ಣ ಒತ್ತಡದಲ್ಲಿದ್ದಾಗ 11.5ರಿಂದ 12 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಕೊಡುವುದು ರೂಢಿ. ಹೆಚ್ಚಿನ ಪೆಟ್ರೋಲ್ ಒಳಗನ್ನು ತಂಪಾಗಿಡುತ್ತದೆ. ಫೋರ್ಜ್ಡ್ ಪಿಸ್ಟನ್ ಕೊಂಡು, ಹಣ ಸಾಲದೆ ಹಳೆಯ ಕಂಪ್ಯೂಟರಿನಲ್ಲೇ ಕಾಲ ತಳ್ಳುವವರು ಬಹಳ ಮಂದಿ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಇನ್ನು ಒಳಭಾಗಗಳು. ಇಲ್ಲಿ ಪಿಯುಸಿ ಭೌತಶಾಸ್ತ್ರ ನೇರವಾಗಿ ಕೆಲಸಕ್ಕೆ ಬರುತ್ತದೆ. ‘ಈ ಸೂತ್ರ ಉರುಹೊಡೆದು ಏನು ಪ್ರಯೋಜನ’ ಎಂದು ಕೇಳುವ ಮಕ್ಕಳಿಗೆ ಪಾಲಕರು ಈ ಲೆಕ್ಕ ತೋರಿಸಬಹುದು.

ಪಿಸ್ಟನ್ನಿನ ಮೇಲೂ ಕೆಳಗೂ ಓಡುವ ಚಲನೆ ಹೆಚ್ಚುಕಡಿಮೆ ಸರಳ ಆವರ್ತ ಚಲನೆ. ಗರಿಷ್ಠ ವೇಗೋತ್ಕರ್ಷ ಎಂದರೆ ಕೋನ ವೇಗದ ವರ್ಗವನ್ನು ಕ್ರ್ಯಾಂಕಿನ ತ್ರಿಜ್ಯದಿಂದ ಗುಣಿಸಿದ್ದು. ಮಿಯಾಟಾದಲ್ಲಿ ಕ್ರ್ಯಾಂಕಿನ ತ್ರಿಜ್ಯ ಓಟದ ಅರ್ಧ, ಅಂದರೆ 42.5 ಮಿಲಿಮೀಟರ್. ನಿಮಿಷಕ್ಕೆ 7000 ಸುತ್ತು ತಿರುಗುವಾಗ ಕೋನ ವೇಗ ಸೆಕೆಂಡಿಗೆ 733 ರೇಡಿಯನ್. ಗುಣಿಸಿದರೆ ಸುಮಾರು 22,800 ಬರುತ್ತದೆ. ರಾಡ್ ಓರೆಯಾಗಿ ವಾಲುವುದರಿಂದ ಮೇಲ್ತುದಿಯಲ್ಲಿ ಇನ್ನೂ ಮೂರರಲ್ಲೊಂದು ಪಾಲಿನಷ್ಟು ಕೂಡಬೇಕು. ಒಟ್ಟು 30,000 ಮೀಟರ್ ಪ್ರತಿ ಸೆಕೆಂಡ್ ವರ್ಗ, ಭೂಮಿಯ ಗುರುತ್ವದ ಮೂರು ಸಾವಿರ ಪಟ್ಟು! ಪಿಸ್ಟನ್, ಪಿನ್ನು, ರಿಂಗುಗಳು ಸೇರಿ ಅರ್ಧ ಕಿಲೊ ತೂಗಿದರೂ, ಮೇಲ್ತುದಿಯಲ್ಲಿ ಅದನ್ನು ಹಿಡಿದು ವಾಪಸು ಎಳೆಯಲು ರಾಡಿಗೆ ಒಂದೂವರೆ ಟನ್ ಬಲ ಬೇಕು. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ.

ಇದು ಎಳೆತ. ಈ ಎಳೆತಕ್ಕೆ ಟರ್ಬೊ ಕಾರಣವಲ್ಲ, ಸುತ್ತಿನ ವೇಗ ಕಾರಣ. ಅದೂ ವರ್ಗದ ಲೆಕ್ಕದಲ್ಲಿ. 7000 ಸುತ್ತಿನಿಂದ 8000ಕ್ಕೆ ಏರಿಸಿದರೆ ಎಳೆತ ಶೇಕಡಾ 30ರಷ್ಟು ಹೆಚ್ಚುತ್ತದೆ. ರಾಡಿನ ಕೆಳತುದಿಯ ಎರಡು ಬೋಲ್ಟುಗಳು ಈ ಎಳೆತವನ್ನು ತಾಳಿಕೊಳ್ಳಬೇಕು.

ಟರ್ಬೊ ತರುವುದು ತುಳಿತ. 83 ಮಿಲಿಮೀಟರಿನ ಪಿಸ್ಟನ್ ತಲೆಯ ವಿಸ್ತೀರ್ಣ 54 ಚದರ ಸೆಂಟಿಮೀಟರ್. ಮಿಶ್ರಣ ಸುಡುವ ಗಳಿಗೆಯಲ್ಲಿ ಒಳಗೆ 100 ಬಾರ್ ಒತ್ತಡ ಹುಟ್ಟಿದರೆ, ಪಿಸ್ಟನ್ನಿನ ಮೇಲೆ ಐದೂವರೆ ಟನ್ ಭಾರ ಬಿದ್ದಂತೆ. ಅದೆಲ್ಲ ಪಿನ್ನಿನ ಮೂಲಕ ರಾಡಿಗೆ ಇಳಿಯುತ್ತದೆ. ತೆಳ್ಳನೆಯ ಕಡ್ಡಿಯ ತಲೆ ಒತ್ತಿದರೆ ನಡುವೆ ಬಾಗುವಂತೆ ರಾಡ್ ಬಾಗುತ್ತದೆ. ವೇಗ ಹೆಚ್ಚಿದ್ದಾಗ ಎಳೆತವು ತುಳಿತದ ಸ್ವಲ್ಪ ಭಾಗವನ್ನು ರದ್ದು ಮಾಡುತ್ತದೆ. ವೇಗ ಕಡಿಮೆ ಇದ್ದು ಟರ್ಬೊ ಒತ್ತಡ ತುಂಬಿ ಬಂದರೆ ಆ ರಿಯಾಯಿತಿಯೂ ಇಲ್ಲ. 3500 ಸುತ್ತಿನಲ್ಲೇ ದಬದಬ ಬಲ ಉಕ್ಕುವ ಪುಟ್ಟ ಟರ್ಬೊ ಓಡಿಸಲು ಬಲು ಸೊಗಸು. ರಾಡುಗಳನ್ನು ಬಾಗಿಸುವುದೂ ಅದೇ. ಅಶ್ವಶಕ್ತಿಯ ಅಂಕಿಗಿಂತ ತಿರುಚು ಬಲದ ಅಂಕಿಯ ಮೇಲೆ ಕಣ್ಣಿಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿ. ಹಾಗಾಗಿ ಕಂಪ್ಯೂಟರಿನಲ್ಲಿ ಕೆಳ ಸುತ್ತುಗಳಿಗೆ ಕಡಿಮೆ ಒತ್ತಡ, ಮೇಲೆ ಹೋದಂತೆ ಪೂರ್ಣ ಒತ್ತಡ ಎಂದು ಹೊಂದಿಸಿದರೆ, ಒಂದು ಕಾಸೂ ಖರ್ಚಿಲ್ಲದೆ ರಾಡಿನ ಆಯಸ್ಸು ಹೆಚ್ಚುತ್ತದೆ.

ಮಿಯಾಟಾ ಎಂಜಿನ್ನುಗಳನ್ನು ಕಟ್ಟಿ ಕಟ್ಟಿ ಕೈ ಪಳಗಿದವರು ಕಾರ್ಖಾನೆಯ ರಾಡುಗಳಿಗೆ ಒಂದು ಗಡಿ ಹಾಕಿಕೊಂಡಿದ್ದಾರೆ: ಚಕ್ರಗಳಲ್ಲಿ ಅಳೆದಾಗ ಹೆಚ್ಚುಕಡಿಮೆ 250 ಅಶ್ವಶಕ್ತಿ. ಅದಕ್ಕೂ ಮುಂಚೆ ಬಾಗಿದ್ದೂ ಉಂಟು, ದಾಟಿ ಉಳಿದದ್ದೂ ಉಂಟು. ಸ್ವತಃ ಮಾಜ್ದಾ ಕಂಪೆನಿಯೇ 2004-05ರಲ್ಲಿ ಇದೇ 1.8 ಲೀಟರ್ ಎಂಜಿನ್ನಿಗೆ ಟರ್ಬೊ ಕೂರಿಸಿ ಮಾರಿದಾಗ 178 ಅಶ್ವಶಕ್ತಿಗೆ ನಿಂತಿತು. ಲಕ್ಷ ಕಿಲೊಮೀಟರ್ ಓಡುವ ಕಾರಿಗೆ ಹೊಣೆ ಹೊರಬೇಕಾದ ಕಂಪೆನಿಯ ಗಡಿ ಅದು.

ಹುಡುಗ ಮೊದಲು ತೀರ್ಮಾನಿಸಬೇಕಾದ್ದು ಈ ಒಂದು ಅಂಕಿ. ಚಕ್ರದಲ್ಲಿ 200 ಅಶ್ವಶಕ್ತಿ ಸಾಕೆಂದರೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿ, ಎಲ್ಲಿಯೂ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡರಾಯಿತು. ಕಾರ್ಖಾನೆಯ ಜೋಡಣೆಯಷ್ಟು ಚೊಕ್ಕ ಜೋಡಣೆ ಮನೆಯ ಶೆಡ್ಡಿನಲ್ಲಿ ಸುಲಭವಲ್ಲ. ಚೆನ್ನಾಗಿರುವ ಎಂಜಿನ್ನನ್ನು ಬಿಚ್ಚಿ ಹಾಳುಮಾಡಿದ ಕಥೆಗಳಿಗೆ ಕೊನೆಯಿಲ್ಲ. ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದು ಎಂಜಿನ್ ಕೊಂಡು ಮೂಲೆಯಲ್ಲಿಟ್ಟುಕೊಳ್ಳುವುದು ಅನೇಕ ವೇಳೆ ಹೊಸ ಪಿಸ್ಟನ್ನುಗಳಿಗಿಂತ ಅಗ್ಗ. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ. ಅಪ್ಪಂದಿರಿಗೆ ರುಚಿಸುತ್ತದೆ.

250 ದಾಟಲೇಬೇಕೆಂದರೆ ಮೊದಲ ಖರೀದಿ ರಾಡುಗಳು. ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4340 ಎಂಬ ಉಕ್ಕಿನ ಫೋರ್ಜ್ಡ್ ರಾಡುಗಳು ಇಂದು ಹೇರಳವಾಗಿ ಸಿಗುತ್ತವೆ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ಎಚ್’ ಅಕ್ಷರದಂತೆ ಕಾಣುವ ಮಾದರಿಯೇ ಅಗ್ಗದ್ದು, ಇಂಥ ಕಾರಿಗೆ ಧಾರಾಳವಾಗಿ ಸಾಕು. ಅಲ್ಲಿ ನಾಲ್ಕರ ಜೊತೆಗೆ ನಾನೂರು ಡಾಲರಿನ ಆಸುಪಾಸು ಬೀಳುತ್ತದೆ. ರಾಡಿಗಿಂತ ಅದರ ಬೋಲ್ಟು ಮುಖ್ಯ ಎಂಬುದನ್ನು ಮರೆಯಬಾರದು. ಹೆಸರಾಂತ ತಯಾರಕರ ಬೋಲ್ಟುಗಳೊಂದಿಗೆ ಬರುವ ರಾಡುಗಳನ್ನೇ ಆರಿಸಬೇಕು. ಬಿಗಿಯುವಾಗ ಪೆಟ್ಟಿಗೆಯಲ್ಲಿ ಹೇಳಿದ ಗ್ರೀಸನ್ನೇ ಹಚ್ಚಬೇಕು. ಮಾಮೂಲಿ ಎಣ್ಣೆ ಹಚ್ಚಿ ಅದೇ ಟಾರ್ಕ್ ಅಂಕಿಗೆ ಬಿಗಿದರೆ ಬೋಲ್ಟು ಬೇಕಾದಷ್ಟು ಹಿಗ್ಗಿರುವುದಿಲ್ಲ. ಮುಳ್ಳು ಸರಿಯಾದ ಅಂಕಿ ತೋರಿಸುತ್ತದೆ, ಹಿಡಿತ ಮಾತ್ರ ಸಡಿಲ. ಇನ್ನೊಂದು ಎಚ್ಚರಿಕೆ: ಹಳೆಯ ಪಿಸ್ಟನ್ನುಗಳನ್ನು ಉಳಿಸಿಕೊಂಡು ರಾಡು ಮಾತ್ರ ಬದಲಿಸುವುದಾದರೆ, ಪಿನ್ನು ರಾಡಿನಲ್ಲಿ ಬಿಗಿಯಾಗಿ ಕೂರುವ ಬಗೆಯದೋ ಸಡಿಲವಾಗಿ ತಿರುಗುವ ಬಗೆಯದೋ ಎಂಬುದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬೇಕು. ಒಂದಕ್ಕೊಂದು ಹೊಂದದಿದ್ದರೆ ನಾನೂರು ಡಾಲರಿನ ರಾಡುಗಳು ಷೋಕೇಸಿಗೇ ಸರಿ.

ಪಿಸ್ಟನ್ನಿನ ಸರದಿ ಆಮೇಲೆ. ಕಾರ್ಖಾನೆಯಿಂದ ಬರುವ ಪಿಸ್ಟನ್ನುಗಳು ಸಾಮಾನ್ಯವಾಗಿ ಎರಕದವು, ಇಡ್ಲಿ ಹಿಟ್ಟನ್ನು ತಟ್ಟೆಗೆ ಹೊಯ್ದ ಹಾಗೆ. ಫೋರ್ಜ್ಡ್ ಪಿಸ್ಟನ್ ಜೋಳದ ರೊಟ್ಟಿಯ ಜಾತಿ. ಕಾಯಿಸಿದ ಲೋಹವನ್ನು ಭಾರೀ ಒತ್ತಡದಲ್ಲಿ ಬಡಿದು ರೂಪಿಸಿದ್ದು. ಎರಕದಲ್ಲಿ ಉಳಿಯುವ ಸೂಕ್ಷ್ಮ ಗುಳ್ಳೆಗಳು ಇದರಲ್ಲಿರುವುದಿಲ್ಲ. ನಾಕಿಂಗ್‌ನ ಒಂದೆರಡು ಪೆಟ್ಟು ಬಿದ್ದರೆ ಎರಕದ ಪಿಸ್ಟನ್ ಗಾಜಿನಂತೆ ಬಿರಿಯಬಹುದು, ಫೋರ್ಜ್ಡ್ ಪಿಸ್ಟನ್ ಸಹಿಸಿಕೊಳ್ಳುತ್ತದೆ. ಆದರೆ ಅದು ಒಂದೆರಡು ಪೆಟ್ಟಿನ ಮಾತು. ದಿನನಿತ್ಯದ ನಾಕಿಂಗ್‌ಗೆ ಮದ್ದು ಕಂಪ್ಯೂಟರಿನಲ್ಲಿದೆಯೇ ಹೊರತು ಪಿಸ್ಟನ್ನಿನಲ್ಲಿಲ್ಲ.

ಫೋರ್ಜ್ಡ್ ಪಿಸ್ಟನ್ನುಗಳಲ್ಲೂ ಎರಡು ಮನೆತನ. 4032 ಎಂಬ ಮಿಶ್ರಲೋಹದಲ್ಲಿ ಸುಮಾರು 12 ಶೇಕಡಾ ಸಿಲಿಕಾನ್ ಇದೆ. ಅದು ಕಾದಾಗ ಕಡಿಮೆ ಹಿಗ್ಗುತ್ತದೆ, ಹಾಗಾಗಿ ಸಿಲಿಂಡರಿನಲ್ಲಿ ಬಿಗಿಯಾಗಿ ಕೂರಿಸಬಹುದು. 2618 ಎಂಬುದರಲ್ಲಿ ಸಿಲಿಕಾನ್ ಇಲ್ಲವೆಂದೇ ಹೇಳಬೇಕು. ಹೆಚ್ಚು ಗಟ್ಟಿಗ, ಬಾಗುತ್ತದೆಯೇ ಹೊರತು ಒಡೆಯುವುದು ಕಡಿಮೆ. ಆದರೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಹೆಚ್ಚು ಜಾಗ ಬಿಡಬೇಕು. ಚಳಿಗಾಲದ ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಎಂಜಿನ್ ಬಿಸಿಯಾಗುವ ತನಕ ಟಕಟಕ ಸದ್ದು. ಕಾಲೇಜಿಗೂ ಅದೇ ಕಾರು, ವಾರಾಂತ್ಯದ ಓಟಕ್ಕೂ ಅದೇ ಕಾರು ಎನ್ನುವವನಿಗೆ 4032 ಹಿತ. ರೇಸಿನ ಹುಡುಗರು 2618 ಹಾಕುತ್ತಾರೆಂದು ನೋಡಿ ಆರಿಸಿದರೆ ಬೆಳಿಗ್ಗೆ ಬೆಳಿಗ್ಗೆ ನೆರೆಮನೆಯವರ ಶಾಪ ಗಿಟ್ಟುತ್ತದೆ.

ಪಿಸ್ಟನ್ನಿನ ಬೆಲೆಪಟ್ಟಿಯಲ್ಲಿ ಕಾಣದ ಖರ್ಚು ಒಂದಿದೆ. ಹೊಸ ಪಿಸ್ಟನ್ ಎಂದರೆ ಸಿಲಿಂಡರನ್ನು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ ಉಜ್ಜಿಸಬೇಕು. ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆ ತೆಗೆದೇ ಬೋರಿಂಗ್ ಮಾಡಿಸಬೇಕು. ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಮೊದಲೇ ಕೊರೆಸಿಟ್ಟರೆ ಕೆಟ್ಟಂತೆ. ರಾಡು ಬದಲಿಸಲು ಬೋರಿಂಗ್ ಬೇಕಿಲ್ಲ. ರಾಡಿಗೆ ಮೊದಲ ಮಣೆ ಹಾಕುವುದಕ್ಕೆ ಇದೂ ಒಂದು ಕಾರಣ.

ಕಂಪ್ರೆಷನ್ ಅನುಪಾತದ ವಿಷಯದಲ್ಲಿ ಹಳೆಯ ಸಲಹೆಗಳು ಇನ್ನೂ ಜನರ ಬಾಯಲ್ಲಿ ಉಳಿದುಕೊಂಡಿವೆ. 1970ರ ದಶಕದ ಕೊನೆಯಲ್ಲಿ ಬಂದ ಸ್ವೀಡನ್ನಿನ ಸಾಬ್ 99 ಟರ್ಬೊದಲ್ಲಿ ಅನುಪಾತ 7.2 ಇತ್ತು. ಟರ್ಬೊ ಎಂದರೆ ಅನುಪಾತ ಇಳಿಸಲೇಬೇಕು ಎಂಬುದು ಆಗಿನ ವೇದವಾಕ್ಯ. ನಾಕಿಂಗ್ ಕೇಳಿಸಿಕೊಂಡು ತಕ್ಷಣ ಒತ್ತಡ ಇಳಿಸುವ ವ್ಯವಸ್ಥೆಯನ್ನು ಅದೇ ಸಾಬ್ 1980ರ ದಶಕದ ಆರಂಭದಲ್ಲಿ ತಂದಿತು, ಅನುಪಾತಗಳು ಮೇಲೇರತೊಡಗಿದವು. 2016ರಲ್ಲಿ ಬಂದ ಮಾಜ್ದಾದ 2.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಅದು 10.5. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸಿ ತಂಪು ಮಾಡುವ ಅನುಕೂಲ ಅದಕ್ಕಿದೆ, ಹಳೆಯ ಮಿಯಾಟಾಕ್ಕಿಲ್ಲ, ನಿಜ. ಆದರೂ 1994ರ ಮಿಯಾಟಾದ 9 ಎಂಬ ಅನುಪಾತ ಒಳ್ಳೆಯ ಇಂಟರ್‌ಕೂಲರ್, ಒಳ್ಳೆಯ ಪೆಟ್ರೋಲ್ ಇದ್ದರೆ ಹೆಚ್ಚು ತೊಂದರೆ ಕೊಡುವುದಿಲ್ಲ. ಅನುಪಾತ ಇಳಿಸಲೆಂದೇ ಹೊಸ ಪಿಸ್ಟನ್ ಕೊಳ್ಳುವುದು ಬಡ ವಿದ್ಯಾರ್ಥಿಗೆ ದುಬಾರಿ ಪಾಠ. ಮೇಲಾಗಿ ಟರ್ಬೊ ಎಚ್ಚರಗೊಳ್ಳುವ ತನಕ ಕಾರು ಎಮ್ಮೆಯಂತೆ ಎಳೆಯುತ್ತದೆ.

ಇಡೀ ಎಂಜಿನ್ನಿನಲ್ಲಿ ಅತಿ ಅಗ್ಗದ ಸುಧಾರಣೆ ಬೇಕೆಂದರೆ ಪಿಸ್ಟನ್ ರಿಂಗಿನ ತುದಿಗಳನ್ನು ನೋಡಬೇಕು. ರಿಂಗು ಪೂರ್ತಿ ಬಳೆಯಲ್ಲ, ಒಂದು ಕಡೆ ಸೀಳಿರುತ್ತದೆ. ಕಾದಾಗ ಹಿಗ್ಗಲು ಆ ಸೀಳು ಬೇಕು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸಿಲಿಂಡರಿನ ಅಡ್ಡಗಲದ ಸಾವಿರದಲ್ಲಿ ನಾಲ್ಕು ಪಾಲು, ಅಂದರೆ 83 ಮಿಲಿಮೀಟರಿಗೆ 0.33 ಮಿಲಿಮೀಟರ್, ಸಾಕು. ಟರ್ಬೊದ ಶಾಖಕ್ಕೆ ಸಾವಿರದಲ್ಲಿ ಐದಾರು ಪಾಲು ಬೇಕು, ಅಂದರೆ 0.42ರಿಂದ 0.5 ಮಿಲಿಮೀಟರ್. ರಿಂಗಿನ ತಯಾರಕರು ಹೇಳಿದ ಅಂಕಿಯೇ ಅಂತಿಮ. ಸೀಳು ಸಾಲದಿದ್ದರೆ ಕಾದ ರಿಂಗಿನ ಎರಡು ತುದಿಗಳು ಒಂದಕ್ಕೊಂದು ಗುದ್ದಿಕೊಂಡು, ಹೋಗಲು ಜಾಗವಿಲ್ಲದೆ ಪಿಸ್ಟನ್ನಿನ ಅಂಚನ್ನೇ ಎತ್ತಿ ಒಡೆಯುತ್ತವೆ. ‘ಪಿಸ್ಟನ್ ಕಳಪೆ’ ಎಂದು ದೂರಿದ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ತಪ್ಪು ಇದೇ. ಇದಕ್ಕೆ ಬೇಕಾದದ್ದು ಒಂದು ನಯವಾದ ಅರ, ಒಂದು ಫೀಲರ್ ಗೇಜ್, ಒಂದು ಭಾನುವಾರ.

ಕ್ರ್ಯಾಂಕಿಗೆ ಹಣ ಹಾಕಬೇಕೆ? ಬೇಡ. ಈ ಮಟ್ಟದ ಬಲಕ್ಕೆ ಕಾರ್ಖಾನೆಯ ಕ್ರ್ಯಾಂಕೇ ಸಾಕು. ಬಿರುಕಿದೆಯೇ ನೋಡಿಸಿ, ನಯಗೊಳಿಸಿ, ಹಾಗೆಯೇ ಕೂರಿಸುವುದು. ಕ್ರ್ಯಾಂಕಿನ ತುದಿಯಲ್ಲಿ ಸುತ್ತುವ ಎಣ್ಣೆ ಪಂಪಿನ ಗೇರುಗಳ ಕಥೆ ಮಾತ್ರ ಬೇರೆ. ಈ ಎಂಜಿನ್ನಿನಲ್ಲಿ ಅವು ಲೋಹದ ಪುಡಿಯನ್ನು ಅಚ್ಚಿನಲ್ಲಿ ಅದುಮಿ ಕಾಯಿಸಿ ಮಾಡಿದವು. ವೇಗದ ಮಿತಿಗೆ ಪದೇ ಪದೇ ಬಡಿದರೆ, ಕಂಪನ ಹೀರುವ ಮುಂದಿನ ಪುಲ್ಲಿ ಹಳಸಿದ್ದರೆ, ಅವು ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಎಣ್ಣೆ ನಿಂತ ಎಂಜಿನ್ನಿನ ಆಯಸ್ಸು ಸೆಕೆಂಡುಗಳ ಲೆಕ್ಕ. ಕಣ್ಣಿಗೆ ಕಾಣದ, ಗೆಳೆಯರಿಗೆ ತೋರಿಸಿ ಬೀಗಲಾಗದ ಈ ಗೇರುಗಳನ್ನು ಗಟ್ಟಿ ಉಕ್ಕಿನವಕ್ಕೆ ಬದಲಿಸುವವನು ಜಾಣ. ಬೇರಿಂಗಿಗೂ ಬಡಾಯಿಯ ಬ್ರ್ಯಾಂಡ್ ಬೇಕಿಲ್ಲ. ಅಳತೆ ಸರಿಯಿದ್ದರೆ ಕಾರ್ಖಾನೆಯ ಬೇರಿಂಗೇ ಒಳ್ಳೆಯದು. ಕ್ರ್ಯಾಂಕಿನ ವ್ಯಾಸದ ಸಾವಿರದಲ್ಲಿ ಒಂದು ಪಾಲು ಸಂದು ಎಂಬುದು ಹಳಬರ ಲೆಕ್ಕ. 45 ಮಿಲಿಮೀಟರಿಗೆ 0.045. ಹೆಡ್ಡಿಗೆ ಉಕ್ಕಿನ ಪದರಗಳ ಗ್ಯಾಸ್ಕೆಟ್, ಗಟ್ಟಿ ಸ್ಟಡ್ಡುಗಳು. ಅಲ್ಲಿಗೆ ಒಳಗಿನ ಖರೀದಿ ಮುಗಿಯಿತು.

ಇದನ್ನೆಲ್ಲ ಓದಿ ಮಗ ಮನೆಯ ಕಾರಿನತ್ತ ಕಣ್ಣು ಹಾಯಿಸಿದರೆ ಪಾಲಕರು ಒಂದು ವಿಷಯ ತಿಳಿಸಬೇಕು. ಭಾರತದ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ವಿಮೆಯ ಪ್ರಶ್ನೆ ಬೇರೆ. ಇಂಥ ಕೈಗೆ ಇಲ್ಲಿ ಸರಿಯಾದ ಅಂಗಳವೆಂದರೆ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಸ್ವತಃ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಬಗೆಯ ಸ್ಪರ್ಧೆಗಳು. ಅಲ್ಲಿ ಪೆಟ್ರೋಲ್ ಎಂಜಿನ್ ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ಕಿಂಡಿಯ ಮೂಲಕ ಹಾಯಬೇಕೆಂಬ ಕಟ್ಟಳೆ ಇದೆ. ಟರ್ಬೊ ಹಾಕಿದರೂ ಕಿಂಡಿ ಅಷ್ಟೇ. ಬಲದ ಪೈಪೋಟಿ ಅಲ್ಲಿಗೆ ನಿಂತು, ಬುದ್ಧಿಯ ಪೈಪೋಟಿ ಶುರುವಾಗುತ್ತದೆ.

ಮಿಯಾಟಾದ ಹುಡುಗನ ಬಳಿಗೆ ಮರಳಿದರೆ, ಅವನ ಎಂಜಿನ್ ಈಗ ಜೋಡಣೆಯಾಗಿದೆ. ಹೊಸ ರಾಡು, ಹಳೆಯ ಪಿಸ್ಟನ್, ಅರ ಹಾಕಿದ ಹೊಸ ರಿಂಗು, ಹೊಸ ಎಣ್ಣೆ ಗೇರು, ಹಳೆಯ ಕ್ರ್ಯಾಂಕ್. ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕುವ ಮೊದಲು ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡಬೇಕು, ಎಲ್ಲಿಯೂ ಹಿಡಿಯಬಾರದು. ಮೊದಲ ಚಾಲನೆಗೆ ಮಾಮೂಲಿ ಖನಿಜ ಎಣ್ಣೆ ಸಾಕು. ಅರ್ಧ ಗಂಟೆ ಓಡಿಸಿ ಅದನ್ನು ಇಳಿಸಿಬಿಡಬೇಕು. ಇಳಿಸಿದ ಎಣ್ಣೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಚ್ಚಿ ಬಿಸಿಲಿಗೆ ಹಿಡಿಯಬೇಕು. ಸಣ್ಣ ಬೂದು ಛಾಯೆ ಇದ್ದರೆ ಅದು ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುತ್ತಿರುವ ಗುರುತು. ತಾಮ್ರದ ಬಣ್ಣದ ಚೂರುಗಳು ಮಿನುಗಿದರೆ ಬೇರಿಂಗ್ ಸವೆಯುತ್ತಿದೆ. ಅಂದು ಸಂಜೆಯೇ ಎಂಜಿನ್ ಮತ್ತೆ ಕೆಳಗಿಳಿಯಬೇಕು.